ಕಂಪನಿ ವೈರಿಂಗಿಗೆ ಕತ್ತರಿ ಹಾಕಬೇಡಿ: ಕಾರಿನ ಸ್ಟೀರಿಯೊ ಬದಲಿಸುವವರಿಗೆ ಯಡಿಯೂರಿನಿಂದ ಒಂದು ಸೂಚನೆ

ಕುಣಿಗಲ್ ತಾಲ್ಲೂಕಿನ ಯಡಿಯೂರಿನ ಸಿದ್ಧಲಿಂಗೇಶ್ವರನ ಸನ್ನಿಧಿಗೆ ಪೂಜೆಗೆಂದು ಬರುವ ಕಾರುಗಳಲ್ಲಿ ಶೋರೂಮಿನಿಂದ ನೆಟ್ಟಗೆ ಬಂದವೂ ಇರುತ್ತವೆ, ಎರಡನೇ ಮೂರನೇ ಕೈಗೆ ದಾಟಿದವೂ ಇರುತ್ತವೆ. ಕೊಂಡವರಿಗೆ ಎರಡೂ ಹೊಸ ಗಾಡಿಯೇ. ಚಕ್ರದಡಿಯ ನಿಂಬೆಹಣ್ಣಿನ ಮೇಲೆ ಗಾಡಿ ಹತ್ತಿಸಿ ಹೊರಟ ಮೇಲೆ ಬಹಳ ಜನ ಮಾಡುವ ಮೊದಲ ಖರ್ಚು, ಕಂಪನಿಯ ಸೆಟ್ಟು ಕೀಳಿಸಿ ಹೊರಗಿನ ದೊಡ್ಡ ಸ್ಕ್ರೀನು ಹಾಕಿಸುವುದು. ಅದು ತಪ್ಪಲ್ಲ. ಹಾಕುವ ಕ್ರಮ ತಪ್ಪುತ್ತಿದೆ. ಕಾರಿನ ವೈರಿಂಗ್ ಕೆಲಸ ಮಾಡುವವನಾಗಿ ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ‘ಬೇಡ’ ಎಂದಿರುವ ಕಡೆ ಬೇಡವೇ; ಒಂದು ಸಲಕ್ಕೆ ನಡೆಯುತ್ತದೆ ಎಂದುಕೊಳ್ಳಬೇಡಿ.

ಕಳೆದ ತೇರಿನ ಸಮಯ, ಬಯಲಲ್ಲಿ ನಿಂತಿದ್ದ ಒಂದು ಸಣ್ಣ ಕಾರಿನಿಂದ ಸುಟ್ಟ ವಾಸನೆ ಬರುತ್ತಿದೆ ಎಂದು ಕರೆದರು. ಹಿಂದಿನ ಸೀಟಿನಲ್ಲಿ ಮಲಗಿದ್ದ ಮಗುವನ್ನು ಮೊದಲು ಇಳಿಸಿ, ಬ್ಯಾಟರಿಯ ಮೈನಸ್ ಬಿಚ್ಚಿ, ಸೆಟ್ಟು ಹೊರಗೆಳೆದೆ. ವೈರುಗಳನ್ನು ಸೆಟ್ಟಿಗೆ ಸೇರಿಸುವ ಕಂಪನಿಯ ಕಪ್ಲರನ್ನು ಕತ್ತರಿಸಿ ಎಸೆದಿದ್ದರು. ಒಂದೊಂದು ವೈರನ್ನೂ ಬೆರಳಲ್ಲೇ ತಿರುಚಿ ಮೇಲೆ ಸಾದಾ ಕಪ್ಪು ಟೇಪು ಸುತ್ತಿದ್ದರು. ಟೇಪಿನ ಗೋಂದು ಕರಗಿ ಬೆಲ್ಲದ ಪಾಕದಂತೆ ಎಳೆ ಎಳೆಯಾಗಿ ಬೆರಳಿಗೆ ಅಂಟಿತು. ಸದಾ ಬ್ಯಾಟರಿಗೆ ಸೇರಿರುವ ಹಳದಿ ವೈರಿನ ಮೇಲಿನ ಟೇಪು ಹಿಂದೆ ಸರಿದು ಅರ್ಧ ಅಂಗುಲ ತಾಮ್ರ ಹೊರಗೆ ಬಿದ್ದಿತ್ತು. ಅದು ಸೆಟ್ಟಿನ ತಗಡಿನ ಪಟ್ಟಿಗೆ ತಾಗಿದ ಕಡೆ ಸಾಸಿವೆ ಗಾತ್ರದ ಕರಿ ಚುಕ್ಕೆ. ಫ್ಯೂಸು ಇರಬೇಕಾದ ಕಡೆ ತಂತಿ. ಆ ಗಾಡಿ ಉಳಿದದ್ದು ವಾಸನೆ ಗುರುತಿಸಿದವರ ಮೂಗಿನಿಂದ.

ಬಿಸಿಲಿನಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡು 60 ಡಿಗ್ರಿ ದಾಟುತ್ತದೆ. ಆ ಬಿಸಿಗೆ ಸಾದಾ ಟೇಪಿನ ಗೋಂದು ನಿಲ್ಲುವುದಿಲ್ಲ. ಅದಕ್ಕೇ ಮೊದಲ ಮಾತು, ಉಳಿದದ್ದೆಲ್ಲ ಮರೆತರೂ ಮರೆಯಬಾರದ ಮಾತು: ಕಾರಿನ ಕಡೆಯ ವೈರನ್ನು ಕತ್ತರಿಸಲು ಯಾರಿಗೂ ಬಿಡಬೇಡಿ. ನಿಮ್ಮ ಕಾರಿನ ಮಾಡೆಲ್ಲು, ವರ್ಷ, ವೇರಿಯಂಟು ಹೇಳಿ ಅದಕ್ಕೆ ಹೊಂದುವ ಕಪ್ಲರ್ ತರಿಸಿ. ಒಂದು ತುದಿ ಕಂಪನಿ ಕಪ್ಲರಿಗೆ, ಇನ್ನೊಂದು ತುದಿ ಹೊಸ ಸೆಟ್ಟಿಗೆ. ಎಲ್ಲಿಯಾದರೂ ಜೋಡಿಸಲೇಬೇಕಾದರೆ ಕೊಂಡುತಂದ ಕಪ್ಲರಿನ ಬಾಲದಲ್ಲಿ ಜೋಡಿಸಲಿ. ಬೆಸುಗೆ ಹಾಕಿ, ಬಿಸಿಗೆ ಬಿಗಿಯುವ ಸ್ಲೀವು ಏರಿಸಲಿ. ಕೆಲವು ನೂರು ರೂಪಾಯಿಯ ಕಪ್ಲರ್ ಉಳಿಸಲು ಕೆಲವು ಲಕ್ಷದ ಗಾಡಿಗೆ ಕತ್ತರಿ ಹಾಕುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಕತ್ತರಿಸಿದ ವೈರಿನಿಂದ ಮುಂದೆ ಬರುವ ತೊಂದರೆಗೆ ಕಂಪನಿ ವಾರಂಟಿ ಕೊಡುವುದಿಲ್ಲ. ಆಗ ಅಂಗಡಿಯವನೂ ಜೊತೆಗೆ ನಿಲ್ಲುವುದಿಲ್ಲ.

ಕೊಳ್ಳುವ ಮೊದಲು

ಕೆಲವು ಕಾರುಗಳ ಸೆಟ್ಟು ಬದಲಿಸಲೇಬಾರದು. ಎ.ಸಿ. ನಡೆಸುವುದು, ಗಾಡಿಯ ಸೆಟ್ಟಿಂಗು, ಸುತ್ತಲೂ ತೋರಿಸುವ ಕ್ಯಾಮೆರಾ, ಪಾರ್ಕಿಂಗ್ ಸೆನ್ಸರಿನ ಚಿತ್ರ ಇವೆಲ್ಲ ಕಂಪನಿ ಸ್ಕ್ರೀನಿನಲ್ಲೇ ಇದ್ದರೆ ಅದು ಹಾಡಿನ ಪೆಟ್ಟಿಗೆಯಲ್ಲ, ಗಾಡಿಯ ಒಂದು ಅಂಗ. ಅದನ್ನು ಕೀಳಬೇಡಿ. ಸದ್ದು ಸಾಲದಿದ್ದರೆ ಸ್ಪೀಕರ್ ಬದಲಿಸಿ, ಸಾಕು.

ಅಳತೆ ಹಿಡಿದೇ ಹೋಗಿ. ಹಳೆಯ ಸಿಂಗಲ್ ಡಿನ್ ಗೂಡು 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರ, ಡಬಲ್ ಡಿನ್ ಎಂದರೆ ಎತ್ತರ 100. ಟೊಯೊಟಾದ ಹಲವು ಕಾರುಗಳಲ್ಲಿ ಅಗಲವೇ 200. ಒಂಬತ್ತು, ಹತ್ತು ಅಂಗುಲದ ಸ್ಕ್ರೀನಿಗೆ ಕಾರಿನ ಮಾಡೆಲ್ಲಿಗೆ ತಕ್ಕ ಫ್ರೇಮು ಬೇರೆ ಬೇಕು. ಫ್ರೇಮು ಕೂರದಿದ್ದರೆ ಸ್ಕ್ರೀನು ವಾಪಸ್ಸು ಹೋಗಲಿ. ಡ್ಯಾಶ್‌ಬೋರ್ಡನ್ನು ಬ್ಲೇಡಿನಿಂದ ಕೊರೆಯುವುದು, ಒಳಗಿನ ಕಬ್ಬಿಣದ ಪಟ್ಟಿ ಕೊಯ್ಯುವುದು ಬೇಡ.

ಡಬ್ಬಿಯ ಮೇಲೆ ‘50 ವ್ಯಾಟ್ x 4’ ಎಂದು ಬರೆದಿರುವುದನ್ನು ನಂಬಿ ಹೆಚ್ಚು ದುಡ್ಡು ಕೊಡಬೇಡಿ. ಸೆಟ್ಟಿನ ಹಿಂದೆ 10 ಆಂಪಿಯರಿನ ಫ್ಯೂಸಿದ್ದರೆ, ಇಂಜಿನ್ ಓಡುವಾಗಿನ 14.4 ವೋಲ್ಟಿನಿಂದ ಗುಣಿಸಿ ನೋಡಿ: 144 ವ್ಯಾಟು. ಒಳಕ್ಕೇ ಇಷ್ಟು ಹೋಗುವಾಗ ಸ್ಪೀಕರಿಗೆ 200 ಎಲ್ಲಿಂದ ಬರುತ್ತದೆ? ನಿಜವಾಗಿ ಒಂದೊಂದು ಸ್ಪೀಕರಿಗೆ ಸಿಗುವುದು 15ರಿಂದ 20 ವ್ಯಾಟು. ಅಷ್ಟು ಒಂದು ಕಾರಿಗೆ ಧಾರಾಳ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೇ ಕೊಳ್ಳಿ, ತುಮಕೂರಿನಲ್ಲೇ ಕೊಳ್ಳಿ, ಜಿ.ಎಸ್.ಟಿ. ಬಿಲ್ಲು ಬಿಡಬೇಡಿ. ಆ ಬಿಲ್ಲು ತೋರಿಸಿ ವಿಮೆಯಲ್ಲಿ ಸೇರಿಸಿ. ಕಂಪನಿ ಬೆಲೆಯಲ್ಲಿ ಸೇರದ ವಿದ್ಯುತ್ ಉಪಕರಣಕ್ಕೆ ಅದರ ಬೆಲೆಯ 4% ಹೆಚ್ಚುವರಿ ಕಂತು ರೂಢಿಯ ದರ. 20,000 ರೂಪಾಯಿಯ ಸ್ಕ್ರೀನಿಗೆ ವರ್ಷಕ್ಕೆ 800 ರೂಪಾಯಿ. ಸೇರಿಸದಿದ್ದರೆ ಕಳುವಾದಾಗ ಪರಿಹಾರ ಕೇಳಲು ದಾರಿಯಿಲ್ಲ.

ಬಿಚ್ಚುವಾಗ

ಕೀ ಆಫ್ ಮಾಡಿ, 10 ಮಿ.ಮೀ. ಸ್ಪ್ಯಾನರಿನಿಂದ ಬ್ಯಾಟರಿಯ ಮೈನಸ್ ತೆಗೆದು, ಕಡಿಮೆಯೆಂದರೆ 3 ನಿಮಿಷ ಕಾಯಬೇಕು. ಏರ್‌ಬ್ಯಾಗಿನ ಪೆಟ್ಟಿಗೆಯಲ್ಲಿ ಸ್ವಲ್ಪ ಹೊತ್ತು ವಿದ್ಯುತ್ ಉಳಿದಿರುತ್ತದೆ, ಅದು ಇಳಿಯಲು ಈ ಕಾಯುವಿಕೆ. ಹಳೆಯ ಸೆಟ್ಟಿಗೆ ಕಳ್ಳತನ ತಡೆಯುವ ಕೋಡ್ ಇದ್ದರೆ ಬ್ಯಾಟರಿ ತೆಗೆಯುವ ಮೊದಲೇ ಪುಸ್ತಕದಲ್ಲಿ ಹುಡುಕಿಟ್ಟುಕೊಳ್ಳಿ. ಹಳದಿ ಕಪ್ಲರ್ ಕಂಡರೆ ಅದು ಏರ್‌ಬ್ಯಾಗಿನದು, ಕೈ ಹಾಕಬೇಡಿ. ವಿದ್ಯುತ್ ಗಾಡಿ, ಹೈಬ್ರಿಡ್ ಗಾಡಿಗಳಲ್ಲಿ ಕಿತ್ತಳೆ ಬಣ್ಣದ ಕೇಬಲ್ಲಿನ ಹತ್ತಿರಕ್ಕೂ ಹೋಗಬೇಡಿ.

ಟೆಸ್ಟ್ ಲ್ಯಾಂಪಿನಿಂದ ವೈರು ಚುಚ್ಚಿ ಹುಡುಕುವ ಅಭ್ಯಾಸ ಅಂಬಾಸಿಡರ್ ಕಾಲದ್ದು. ಬಲ್ಬು ಕರೆಂಟು ಎಳೆಯುತ್ತದೆ. ಇಂದಿನ ಗಾಡಿಯ ಕಂಪ್ಯೂಟರಿನ ತೆಳು ವೈರು ಅದನ್ನು ತಡೆಯುವುದಿಲ್ಲ. ಡಿಜಿಟಲ್ ಮೀಟರಿಲ್ಲದ ಅಂಗಡಿಗೆ ಗಾಡಿ ಕೊಡಬೇಡಿ.

ಸ್ಪೀಕರಿನ ಒಂದು ವೈರನ್ನು ಗಾಡಿಯ ತಗಡಿನ ಬಾಡಿಗೆ ಅರ್ತ್ ಮಾಡುವುದೂ ಅದೇ ಕಾಲದ ರೂಢಿ. ಆಗಿನ ಕೆಲವು ಟೇಪ್‌ರೆಕಾರ್ಡರಿಗೆ ಅದು ನಡೆಯುತ್ತಿತ್ತು. ಈಗಿನ ಸೆಟ್ಟಿನಲ್ಲಿ ಸ್ಪೀಕರಿನ ಎರಡೂ ವೈರಿನಲ್ಲಿ ಜೀವವಿದೆ. ಒಂದನ್ನು ಬಾಡಿಗೆ ತಾಗಿಸಿದರೆ ಒಳಗಿನ ಆಂಪ್ಲಿಫೈಯರ್ ಸುಟ್ಟೇ ಹೋಗಬಹುದು.

ಹಳದಿ, ಕೆಂಪು, ನೀಲಿ

ಹೊರಗಿನ ಸೆಟ್ಟುಗಳ ವೈರಿಗೆ ಸಾಮಾನ್ಯವಾಗಿ ಒಂದೇ ಬಣ್ಣದ ಕ್ರಮ. ಹಳದಿ ಸದಾ ಬ್ಯಾಟರಿ, ಕೆಂಪು ಕೀ ತಿರುಗಿಸಿದಾಗ ಮಾತ್ರ, ಕಪ್ಪು ಅರ್ತ್. ಬಿಳಿ, ಬೂದು ಮುಂದಿನ ಸ್ಪೀಕರಿಗೆ. ಹಸಿರು, ನೇರಳೆ ಹಿಂದಿನವಕ್ಕೆ. ಕಂಪನಿ ವೈರಿನ ಬಣ್ಣ ಈ ಕ್ರಮದಲ್ಲಿ ಇರುವುದಿಲ್ಲ, ಆದ್ದರಿಂದ ಬಣ್ಣ ನೋಡಿ ಬಣ್ಣಕ್ಕೆ ಜೋಡಿಸಬೇಡಿ.

ಹಳದಿಯನ್ನೂ ಕೆಂಪನ್ನೂ ಒಟ್ಟಿಗೆ ತಿರುಚಿ ಬ್ಯಾಟರಿಗೆ ಕೊಡುವವರಿದ್ದಾರೆ. ಕೀ ತೆಗೆದರೂ ಸೆಟ್ಟು ನಿದ್ದೆ ಹೋಗುವುದಿಲ್ಲ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಕಾರು ಹೊರಗೆ ಬರುವುದು ಮದುವೆಗೆ, ಆಸ್ಪತ್ರೆಗೆ, ಹಬ್ಬಕ್ಕೆ. ಬೀಗ ಹಾಕಿದ ಮೇಲೂ ಸೆಟ್ಟು 200 ಮಿಲಿಆಂಪಿಯರ್ ಎಳೆಯುತ್ತಿದ್ದರೆ 35 ಆಂಪಿಯರ್ ಅವರಿನ ಬ್ಯಾಟರಿ 175 ಗಂಟೆಯಲ್ಲಿ, ಅಂದರೆ ಏಳು ದಿನ ಚಿಲ್ಲರೆಯಲ್ಲಿ ಪೂರ್ತಿ ಖಾಲಿ. ಸ್ಟಾರ್ಟ್ ಆಗುವ ಶಕ್ತಿ ಅದಕ್ಕೂ ಎಷ್ಟೋ ಮೊದಲೇ ಹೋಗಿರುತ್ತದೆ. ನಡುರಾತ್ರಿ ಹೆರಿಗೆ ನೋವು ಬಂದಾಗ ತಿಳಿಯಬೇಕಾದ ಸಂಗತಿಯಲ್ಲ ಇದು. ಕೆಲಸ ಮುಗಿದ ದಿನವೇ, ಗಾಡಿಗೆ ಬೀಗ ಹಾಕಿ ಅರ್ಧ ಗಂಟೆ ಬಿಟ್ಟು ಮೀಟರ್ ಹಿಡಿಸಿ. 50 ಮಿಲಿಆಂಪಿಯರಿಗಿಂತ ಕೆಳಗಿದ್ದರೆ ಸರಿ.

ನೀಲಿ ವೈರನ್ನು ಬಹಳ ಮಂದಿ ಟೇಪು ಸುತ್ತಿ ಹಾಗೇ ಬಿಡುತ್ತಾರೆ. ಹಲವು ಕಾರುಗಳ ಚಾವಣಿಯ ಆಂಟೆನಾದ ಬುಡದಲ್ಲಿ ಸಣ್ಣದೊಂದು ಆಂಪ್ಲಿಫೈಯರ್ ಇರುತ್ತದೆ. ಅದಕ್ಕೆ ಕರೆಂಟು ಕೊಡುವುದು ಈ ವೈರು. ಬೆಂಗಳೂರಿನ ಅಂಗಡಿ ಮುಂದೆ ಸಿಗ್ನಲ್ಲು ಜೋರಾಗಿರುವುದರಿಂದ ತಪ್ಪು ಗೊತ್ತಾಗುವುದಿಲ್ಲ. ದೂರ ಹೋದಷ್ಟೂ 101.3ರ ರೇನ್‌ಬೋ, 102.9ರ ವಿವಿಧ ಭಾರತಿ ಬರೀ ಸುಯ್ ಎನ್ನುತ್ತವೆ. ಜನ ರೇಡಿಯೊವನ್ನು ಬಯ್ಯುತ್ತಾರೆ. ಬಯ್ಯಬೇಡಿ, ನೀಲಿ ವೈರು ಹುಡುಕಿ.

ರೇಡಿಯೊದ ಮಾತು ಬಂದದ್ದಕ್ಕೆ ಇನ್ನೊಂದು. ಸೆಟ್ಟಿಂಗಿನಲ್ಲಿ ಪ್ರದೇಶ ಅಮೆರಿಕ ಎಂದಿದ್ದರೆ ಬದಲಿಸಿ. ಅಲ್ಲಿನ ಎಫ್‌.ಎಂ. ಹೆಜ್ಜೆ ಬೆಸ ದಶಾಂಶದಲ್ಲೇ ಸಾಗುತ್ತದೆ, 100.5 ಆದಮೇಲೆ 100.7. ನಡುವಿನ 100.6 ಮೈಸೂರು ಆಕಾಶವಾಣಿ, ಅದು ಸಿಗುವುದೇ ಇಲ್ಲ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮನೆಯಲ್ಲಿ ಶುರು ಮಾಡಿ, ದೇಶದ ರೇಡಿಯೊಗೇ ಹೆಸರು ಕೊಟ್ಟ ನಿಲಯ ನಮ್ಮ ಗಾಡಿಯಲ್ಲಿ ಒಂದು ಗುಂಡಿಯ ತಪ್ಪಿಗೆ ಕಾಣೆಯಾಗಬಾರದು. ಎ.ಎಂ. ಹೆಜ್ಜೆಯೂ 9 ಕಿಲೊಹರ್ಟ್ಸ್ ಇರಲಿ. 10 ಇದ್ದರೆ ಬೆಂಗಳೂರಿನ 612 ಸರಿಯಾಗಿ ಕೂರುವುದಿಲ್ಲ.

ಫ್ಯೂಸು

ನಮ್ಮ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ ನೋಡಿದವರಿಗೆ ಅಲ್ಲಿನ ಸೈಫನ್ನು ಗೊತ್ತು. ನೀರು ಮಟ್ಟ ಮೀರಿದರೆ ಯಾರೂ ಗೇಟು ಎತ್ತಬೇಕಿಲ್ಲ, ತಾನಾಗಿಯೇ ಹೊರಗೆ ಹಾಕಿ ಕಟ್ಟೆಯನ್ನು ಉಳಿಸುತ್ತದೆ. ಆ ಬಾಯಿಗೆ ಕಲ್ಲು ತುಂಬುವವರುಂಟೆ? ಫ್ಯೂಸಿನ ಜಾಗಕ್ಕೆ ತಂತಿ, ಬೆಳ್ಳಿ ಕಾಗದ ಹಾಕುವುದು ಅದೇ ಕೆಲಸ. 10ರ ಜಾಗದಲ್ಲಿ 10 ಹಾಕಿ, 20 ಬೇಡ. ಮತ್ತೆ ಮತ್ತೆ ಹೋಗುತ್ತಿದ್ದರೆ ಎಲ್ಲೋ ವೈರು ಉಜ್ಜಿದೆ ಎಂದರ್ಥ, ಅದನ್ನು ಹುಡುಕಿಸಿ.

ಬೂಟಿನಲ್ಲಿ ಬೇಸ್ ಪೆಟ್ಟಿಗೆ ಇಡುವವರು ಅದರ ಆಂಪ್ಲಿಫೈಯರಿಗೆ ಸೆಟ್ಟಿನ ಹಳದಿ ವೈರಿನಿಂದ ಕರೆಂಟು ಕದಿಯಬೇಡಿ. ಬ್ಯಾಟರಿಯಿಂದ ಬೇರೆ ದಪ್ಪ ವೈರು, ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಅದಕ್ಕೇ ಒಂದು ಫ್ಯೂಸು. ಆಕ್ಸಿಲರೇಟರ್ ಒತ್ತಿದಂತೆ ಏರುವ ಕುಯ್ ಎಂಬ ಸದ್ದು ಬಂದರೆ ಮೊದಲು ಅರ್ತ್ ನೋಡಿ, ಹೆಚ್ಚಾಗಿ ಅದನ್ನು ಬಣ್ಣ ಬಳಿದ ತಗಡಿಗೆ ಕೊಟ್ಟಿರುತ್ತಾರೆ. ಕಂಪನಿಯ ರಿವರ್ಸ್ ಕ್ಯಾಮೆರಾಗೆ ನೇರ 12 ವೋಲ್ಟ್ ಕೊಡಬೇಡಿ. ಕೆಲವು 6 ವೋಲ್ಟಿನವು, ಕ್ಷಣದಲ್ಲಿ ಸುಡುತ್ತವೆ.

ದಾರಿಯಲ್ಲಿ

ತಿಳಿಹಸಿರು ವೈರು ಹ್ಯಾಂಡ್‌ಬ್ರೇಕಿಗೆ ಹೋಗಬೇಕು. ಗಾಡಿ ನಿಂತಾಗ ಮಾತ್ರ ಸಿನಿಮಾ ಕಾಣಲಿ ಎಂದು ಅದನ್ನು ಇಟ್ಟಿರುವುದು. ಆ ವೈರನ್ನು ಬಾಡಿಗೆ ಕೊಟ್ಟರೆ ಓಡುವಾಗಲೂ ವಿಡಿಯೊ ಬರುತ್ತದೆ, ‘ಫ್ರೀಯಾಗಿ ಮಾಡಿಕೊಡುತ್ತೇನೆ ಅಣ್ಣ’ ಎನ್ನುತ್ತಾರೆ. ಬೇಡ ಎನ್ನಿ. 80 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಎರಡು ಸೆಕೆಂಡು ಸ್ಕ್ರೀನು ನೋಡಿದರೆ 44 ಮೀಟರ್ ಕಣ್ಣು ಮುಚ್ಚಿ ಓಡಿಸಿದಂತೆ. ಶಿವರಾತ್ರಿಗೆ ಮುಂಚಿನ ದಿನಗಳಲ್ಲಿ ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಟವರು ನೆಲಮಂಗಲ, ಕುಣಿಗಲ್, ಯಡಿಯೂರು ದಾಟಿ ಹೋಗುವುದು ಇದೇ 75ನೇ ಹೆದ್ದಾರಿಯ ಅಂಚಿನಲ್ಲಿ. ಬಿಸಿಲು ತಪ್ಪಿಸಲು ರಾತ್ರಿಯಲ್ಲಿ, ನಸುಕಿನಲ್ಲಿ ನಡೆಯುತ್ತಾರೆ. ಹೆಗಲಲ್ಲಿ ಚೀಲ, ಕಾಲಲ್ಲಿ ಬೊಬ್ಬೆ, ಹಿಂದೆ ಬರುವ ಗಾಡಿಯ ಮೇಲೆ ನಂಬಿಕೆ. ಆ 44 ಮೀಟರಿನೊಳಗೆ ಅವರಿರುತ್ತಾರೆ.

2019ರ ಜುಲೈ 1ರಿಂದ ಹೊಸ ಕಾರುಗಳಿಗೆ 80 ದಾಟಿದಾಗ ಎಚ್ಚರಿಸುವ ಬೀಪ್ ಕಡ್ಡಾಯ. ಸೆಟ್ಟು ಬಿಚ್ಚಿದಾಗಲೇ ಅದನ್ನೂ ತೆಗೆದುಬಿಡಿ ಎಂದು ಕೇಳುವವರಿಗೆ ನಾನು ಮಾಡಿಕೊಡುವುದಿಲ್ಲ. ಬೇರೆ ಯಾರಿಂದಲೂ ಮಾಡಿಸಬೇಡಿ.

ಪೂಜೆಗೆ ಬರುವವರಿಗೆ

ವಿಭೂತಿ, ಕುಂಕುಮ ಬಾನೆಟ್ಟಿನ ಮೇಲಿರಲಿ, ಸ್ಕ್ರೀನಿಗೆ ಬಳಿಯಬೇಡಿ. ಒದ್ದೆ ಕುಂಕುಮ ಅಂಚಿನ ಸಂದಿಗೆ ಇಳಿದು ಒಣಗುತ್ತದೆ. ತೀರ್ಥ ಡ್ಯಾಶ್‌ಬೋರ್ಡಿನ ಮೇಲೆ ಚಿಮುಕಿಸಬೇಡಿ. ಎಡಗಡೆ ಏರ್‌ಬ್ಯಾಗ್ ಎಂದು ಬರೆದ ಮುಚ್ಚಳದ ಮೇಲೆ ದೇವರ ಮೂರ್ತಿಯನ್ನೂ ಫೋನಿನ ಹಿಡಿಕೆಯನ್ನೂ ಅಂಟಿಸಬೇಡಿ. ಬ್ಯಾಗು ಬಿಚ್ಚಿಕೊಂಡರೆ ಅದು ಎದುರು ಕೂತವರ ಮುಖಕ್ಕೇ ಹಾರುತ್ತದೆ.

ಹಳೆಯ ಗಾಡಿ ಕೊಂಡವರು ಸೆಟ್ಟನ್ನು ಒಮ್ಮೆ ಹೊರಗೆಳೆಸಿ ಹಿಂದೆ ಏನಿದೆ ನೋಡಲೇಬೇಕು, ಚೆನ್ನಾಗಿ ಹಾಡುತ್ತಿದ್ದರೂ. ಮಾರುವವರು ಸೆಟ್ಟಿನಲ್ಲಿ ಉಳಿದ ಫೋನ್ ನಂಬರುಗಳನ್ನೆಲ್ಲ ಅಳಿಸಿ ಕೊಡಿ. ಕಂಪನಿ ಸೆಟ್ಟನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ. ಪಟ್ಟಿ, ನಾಲ್ಕು ಸ್ಕ್ರೂ, ಆಂಟೆನಾದ ತುದಿ ಸಮೇತ ಬಟ್ಟೆಯಲ್ಲಿ ಸುತ್ತಿ, ಗಾಡಿ ನಂಬರು ಬರೆದು ಅಟ್ಟದಲ್ಲಿಡಿ. ಕಪ್ಲರಿಗೆ ಕತ್ತರಿ ಬೀಳದಿದ್ದರೆ ಹತ್ತು ವರ್ಷದ ಮೇಲೂ ಅದು ಅದೇ ಜಾಗಕ್ಕೆ ಅರ್ಧ ಗಂಟೆಯಲ್ಲಿ ವಾಪಸ್ಸು ಕೂರುತ್ತದೆ.