ಬರಹ ತಿದ್ದುವ ಗುರುವನ್ನು ಹುಡುಕುವ ವಿದ್ಯಾರ್ಥಿಗೆ

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣಗಳ ಪದವಿಪೂರ್ವ ತರಗತಿಗಳಲ್ಲಿ ಓದುತ್ತಿರುವ ಚಿರಂಜೀವಿಗಳಿಗೆ ಆಶೀರ್ವಾದಗಳು.

ಇಂಗ್ಲಿಷಿನಲ್ಲಿ ವಾದವನ್ನು ಕಟ್ಟುವ, ಇತರರ ವಾದವನ್ನು ಬಿಡಿಸಿ ನೋಡುವ, ಹೇಳಬೇಕಾದುದನ್ನು ಓದುಗನ ಮನಸ್ಸಿಗೆ ಒಪ್ಪುವಂತೆ ಬರೆಯುವ ವಿದ್ಯೆಯನ್ನು ಶಾಲಾ ಪಠ್ಯದ ಆಚೆಗೂ ಕಲಿಯಬಯಸುವ ವಿದ್ಯಾರ್ಥಿಗೆ ಈ ನಾಲ್ಕು ಊರುಗಳಲ್ಲಿ ಮನೆಪಾಠದ ಗುರು ಸುಲಭವಾಗಿ ಸಿಗುವುದಿಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರಗಳ ಟ್ಯೂಷನ್ ಬೋರ್ಡುಗಳು ಕಣ್ಣಿಗೆ ಬೀಳುತ್ತವೆ, ಸ್ಪೋಕನ್ ಇಂಗ್ಲಿಷ್ ತರಗತಿಗಳೂ ನಡೆಯುತ್ತವೆ. ಆದರೆ ಇಂಗ್ಲಿಷ್ ಬರವಣಿಗೆಯನ್ನೇ ವಿಷಯವಾಗಿಟ್ಟುಕೊಂಡು ಪಾಠ ಹೇಳುವವರು ವಿರಳ. ಇದಕ್ಕೆ ಗುರುಗಳ ಅಭಾವವೊಂದೇ ಕಾರಣವಲ್ಲ. ಎಂಜಿನಿಯರಿಂಗ್ ಸೀಟಿನ ಸಿಇಟಿ ರ‍್ಯಾಂಕನ್ನು ನಿರ್ಧರಿಸುವಾಗ ವಿಜ್ಞಾನ ಮತ್ತು ಗಣಿತದ ಅಂಕಗಳನ್ನು ಪರಿಗಣಿಸಲಾಗುತ್ತದೆಯೇ ಹೊರತು ಭಾಷಾ ವಿಷಯಗಳ ಅಂಕಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನೀಟ್ ಪರೀಕ್ಷೆಯಲ್ಲಿಯೂ ಭಾಷೆಗೆ ಸ್ಥಾನವಿಲ್ಲ. ಹೀಗಾಗಿ ಪೋಷಕರ ಹಣವೂ ಮಕ್ಕಳ ಸಮಯವೂ ಸಹಜವಾಗಿ ಬೇರೆಡೆಗೆ ಹರಿದಿವೆ. ಇಂಥ ಸ್ಥಿತಿಯಲ್ಲಿ ಗುರುವನ್ನು ಹುಡುಕುವವರು ಮೊದಲು ತಿಳಿಯಬೇಕಾದ ಸಂಗತಿ ಒಂದೇ: ಬರವಣಿಗೆಯ ಗುರುವೆಂದರೆ ಚೆನ್ನಾಗಿ ಭಾಷಣ ಮಾಡುವವರಲ್ಲ, ನೋಟ್ಸ್ ಕೊಡುವವರೂ ಅಲ್ಲ, ವಿದ್ಯಾರ್ಥಿ ಬರೆದ ಪುಟವನ್ನು ಸಾಲು ಸಾಲಾಗಿ ಓದಿ, ತಿದ್ದಿ, ಅದನ್ನು ಮತ್ತೆ ಬರೆಸುವವರು.

ಈ ವಿದ್ಯೆಗೆ ಇಂಗ್ಲಿಷಿನಲ್ಲಿ ರೆಟರಿಕ್ ಎಂಬ ಹೆಸರಿದೆ. ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ, ಯಾವ ಉದ್ದೇಶದಿಂದ ಮಾತನಾಡುತ್ತಿದ್ದಾರೆ ಮತ್ತು ಆ ಉದ್ದೇಶ ನೆರವೇರಲು ಭಾಷೆಯನ್ನು ಹೇಗೆ ಬಳಸಿದ್ದಾರೆ ಎಂಬುದನ್ನು ವಿಚಾರಿಸುವ ಶಾಸ್ತ್ರವಿದು. ಗ್ರೀಸಿನ ಅರಿಸ್ಟಾಟಲ್ ಮನವೊಲಿಸುವ ಮಾತಿನ ಬಲವನ್ನು ಮೂರಾಗಿ ವಿಂಗಡಿಸಿದನು: ಮಾತನಾಡುವವನ ನಡತೆ ಮತ್ತು ತಿಳಿವಳಿಕೆಗಳಿಂದ ಹುಟ್ಟುವ ವಿಶ್ವಾಸವು ಈಥಾಸ್, ಕೇಳುವವರ ಭಾವವನ್ನು ತಟ್ಟುವ ಶಕ್ತಿಯು ಪೇಥಾಸ್, ಕಾರಣ ಮತ್ತು ಆಧಾರಗಳ ಬಲವು ಲೋಗಾಸ್. ಕನ್ನಡದ ವಿದ್ಯಾರ್ಥಿಗೆ ಈ ಬಗೆಯ ವಿಚಾರ ತೀರ ಹೊರಗಿನದಲ್ಲ. ಸುಮಾರು ಕ್ರಿ.ಶ. 850ರಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನು ರಚಿಸಿದ ಕವಿರಾಜಮಾರ್ಗವು, ಅಲಂಕಾರಗಳ ವಿವರಣೆಗೆ ಹೋಗುವ ಮುನ್ನ, ತನ್ನ ಮೊದಲ ಪರಿಚ್ಛೇದದಲ್ಲಿಯೇ ಬರವಣಿಗೆಯ ದೋಷಗಳು ಯಾವುವು ಎಂಬ ಚರ್ಚೆಯನ್ನು ಕೈಗೆತ್ತಿಕೊಳ್ಳುತ್ತದೆ. ದೋಷವನ್ನು ಗುರುತಿಸಲು ಕಲಿಯದೆ ಸೊಗಸನ್ನು ಸಾಧಿಸಲಾಗದು ಎಂಬ ಈ ಕ್ರಮವು ಇಂದಿನ ಇಂಗ್ಲಿಷ್ ಪ್ರಬಂಧಕ್ಕೂ ಅನ್ವಯಿಸುತ್ತದೆ. ಅಂತೆಯೇ, ಎದುರಾಳಿಯ ಅಭಿಪ್ರಾಯವನ್ನು ನ್ಯಾಯವಾಗಿ ಮಂಡಿಸುವ ಪೂರ್ವಪಕ್ಷ ಮತ್ತು ಅದಕ್ಕೆ ಉತ್ತರವಾಗಿ ಸ್ಥಾಪಿಸುವ ಸಿದ್ಧಾಂತ ಎಂಬ ನಮ್ಮ ಶಾಸ್ತ್ರಗ್ರಂಥಗಳ ಪದ್ಧತಿಯನ್ನು ಅರಿತವರಿಗೆ, ಇಂಗ್ಲಿಷ್ ಪ್ರಬಂಧದಲ್ಲಿ ಪ್ರತಿವಾದಕ್ಕೆ ಏಕೆ ಜಾಗ ಕೊಡಬೇಕೆಂಬುದನ್ನು ಹೊಸದಾಗಿ ವಿವರಿಸಬೇಕಾಗಿಲ್ಲ.

ಗುರುವನ್ನು ಹುಡುಕುವ ಮುನ್ನ ಗುರಿಯನ್ನು ಗೊತ್ತುಮಾಡಿಕೊಳ್ಳುವುದು ಅವಶ್ಯಕ. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶಕ್ಕೆ ನಡೆಯುವ ಕ್ಲ್ಯಾಟ್ ಪರೀಕ್ಷೆಯಲ್ಲಿ 120 ನಿಮಿಷಗಳಲ್ಲಿ 120 ಪ್ರಶ್ನೆಗಳಿಗೆ ಉತ್ತರಿಸಬೇಕಾಗಿದ್ದು, ಪ್ರಶ್ನೆಗಳು ಗದ್ಯಭಾಗಗಳನ್ನು ಆಧರಿಸಿರುವುದರಿಂದ ಅಲ್ಲಿ ಪ್ರಬಂಧ ಬರೆಯಬೇಕಾಗಿಲ್ಲದಿದ್ದರೂ ಲೇಖಕನ ನಿಲುವನ್ನೂ ಧ್ವನಿಯನ್ನೂ ಗ್ರಹಿಸುವ ಓದು ಬೇಕು. ವಿದೇಶದಲ್ಲಿ ಓದಬಯಸುವವರು ತೆಗೆದುಕೊಳ್ಳುವ ಐಇಎಲ್‌ಟಿಎಸ್ ಪರೀಕ್ಷೆಯ ಎರಡನೆಯ ಬರಹದಲ್ಲಿ ಕನಿಷ್ಠ 250 ಪದಗಳ ವಾದಪ್ರಬಂಧವನ್ನು ರಚಿಸಬೇಕು. ಅಮೆರಿಕದ ಪ್ರೌಢಶಾಲಾ ವಿದ್ಯಾರ್ಥಿಗಳಿಗಾಗಿ ಕಾಲೇಜ್ ಬೋರ್ಡ್ ಸಂಸ್ಥೆ ನಡೆಸುವ ಎ.ಪಿ. ಇಂಗ್ಲಿಷ್ ಲ್ಯಾಂಗ್ವೇಜ್ ಅಂಡ್ ಕಾಂಪೊಸಿಷನ್ ಎಂಬ ಪರೀಕ್ಷೆಯಂತೂ ಪೂರ್ಣವಾಗಿ ಈ ವಿದ್ಯೆಗೇ ಮೀಸಲಾದುದು. ಅದರಲ್ಲಿ ಮೂರು ಪ್ರಬಂಧಗಳಿರುತ್ತವೆ: ಹಲವು ಆಕರಗಳನ್ನು ಓದಿ ಅವುಗಳನ್ನು ಒಂದು ವಾದಕ್ಕೆ ಒಗ್ಗೂಡಿಸುವ ಸಮನ್ವಯ ಪ್ರಬಂಧ, ಬೇರೊಬ್ಬರ ಬರಹವು ಓದುಗರನ್ನು ಹೇಗೆ ಒಲಿಸುತ್ತದೆಂದು ಪರಿಶೀಲಿಸುವ ವಿಶ್ಲೇಷಣಾ ಪ್ರಬಂಧ ಮತ್ತು ಸ್ವಂತ ನಿಲುವನ್ನು ಸಮರ್ಥಿಸುವ ವಾದಪ್ರಬಂಧ. ಪ್ರತಿ ಪ್ರಬಂಧಕ್ಕೆ ಇರುವ 6 ಅಂಕಗಳಲ್ಲಿ 1 ಅಂಕ ಸ್ಪಷ್ಟವಾದ ಪ್ರತಿಪಾದನೆಗೆ, ಎಂದರೆ ಬರಹವು ಸಾಧಿಸಹೊರಟ ಮುಖ್ಯ ಮಾತಿಗೆ. 4 ಅಂಕಗಳು ಆಧಾರಗಳಿಗೆ ಮತ್ತು ಆ ಆಧಾರಗಳು ಪ್ರತಿಪಾದನೆಯನ್ನು ಹೇಗೆ ಬೆಂಬಲಿಸುತ್ತವೆ ಎಂಬ ವಿವರಣೆಗೆ. ಉಳಿದ 1 ಅಂಕ ಚಿಂತನೆಯ ಪ್ರೌಢಿಮೆಗೆ. ಈ ಪರೀಕ್ಷೆಯನ್ನು ಎಂದೂ ಬರೆಯದ ಹಾಸನದ ವಿದ್ಯಾರ್ಥಿಗೂ ಈ ಹಂಚಿಕೆ ಒಳ್ಳೆಯ ಪಾಠ, ಏಕೆಂದರೆ ದೊಡ್ಡ ದೊಡ್ಡ ಪದಗಳನ್ನು ಪೇರಿಸಿದರೆ ಒಳ್ಳೆಯ ಇಂಗ್ಲಿಷ್ ಆಗುತ್ತದೆ ಎಂಬ ನಮ್ಮ ಕಡೆಯ ಬಲವಾದ ನಂಬಿಕೆಗೆ ಅಲ್ಲಿ ಯಾವ ಬೆಂಬಲವೂ ಇಲ್ಲ.

ಒಳ್ಳೆಯ ತಿದ್ದುಪಡಿ ಹೇಗಿರುತ್ತದೆ ಎಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಹಾಸನದ ಆಲೂಗಡ್ಡೆ ಬೆಳೆಗಾರರ ಕಷ್ಟವನ್ನು ಕುರಿತು ವಿದ್ಯಾರ್ಥಿಯೊಬ್ಬ ಇಂಗ್ಲಿಷಿನಲ್ಲಿ ಒಂದು ಪುಟ ಬರೆದು, ಸರ್ಕಾರದ ನಿರ್ಲಕ್ಷ್ಯದಿಂದ ಬೆಳೆಗಾರರೆಲ್ಲರೂ ಹಾಳಾಗಿದ್ದಾರೆ ಎಂಬ ವಾಕ್ಯದಿಂದ ಆರಂಭಿಸಿದನೆಂದು ಭಾವಿಸೋಣ. ವ್ಯಾಕರಣವನ್ನಷ್ಟೇ ನೋಡುವ ಬೋಧಕರು ಕ್ರಿಯಾಪದವನ್ನು ಸರಿಪಡಿಸಿ, ಕಾಗುಣಿತ ತಿದ್ದಿ, ಕೆಳಗೆ ಗುಡ್ ಎಂದು ಬರೆದು ಸಹಿ ಹಾಕುತ್ತಾರೆ. ರೆಟರಿಕ್ ಬಲ್ಲ ಬೋಧಕರಾದರೋ ಅದೇ ವಾಕ್ಯದ ಪಕ್ಕದ ಮಾರ್ಜಿನ್ನಿನಲ್ಲಿ ಪ್ರಶ್ನೆಗಳನ್ನು ಬರೆಯುತ್ತಾರೆ: ಎಲ್ಲರೂ ಎಂಬುದಕ್ಕೆ ಆಧಾರವೇನು? ನಿರ್ಲಕ್ಷ್ಯ ಎಂದರೆ ಯಾವ ಕೆಲಸ ಆಗಲಿಲ್ಲವೆಂದು ಅರ್ಥ? ಎಪಿಎಂಸಿಯ ವರ್ತಕರು ಇದನ್ನು ಓದಿದರೆ ಏನೆಂದು ಆಕ್ಷೇಪಿಸುತ್ತಾರೆ? ಈ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ವಿದ್ಯಾರ್ಥಿಯು ಬೆಳೆಗಾರರನ್ನು ವಿಚಾರಿಸಿದಾಗ, ಬಿತ್ತನೆಗಡ್ಡೆ ಬಹುಪಾಲು ಪಂಜಾಬಿನ ಜಲಂಧರ್ ಕಡೆಯಿಂದ ಬರುತ್ತದೆ, ಮುಂಗಾರಿನಲ್ಲಿ ನೆಟ್ಟ ಬೆಳೆಗೆ ಮಳೆ ಹಿಡಿದುಕೊಂಡರೆ ಅಂಗಮಾರಿ ರೋಗ ತಗಲುತ್ತದೆ ಎಂಬ ಸಂಗತಿಗಳು ತಿಳಿದುಬರುತ್ತವೆ. ಆಗ ಎರಡನೆಯ ಕರಡು, ದೂರದ ಬಿತ್ತನೆಯನ್ನು ನಂಬಿರುವುದು ಮತ್ತು ಮಳೆಗಾಲದ ರೋಗ ಇವೆರಡೂ ಸೇರಿ ಸಣ್ಣ ಹಿಡುವಳಿದಾರನ ನಷ್ಟದ ಅಪಾಯವನ್ನು ಹೆಚ್ಚಿಸುತ್ತವೆ, ಆದುದರಿಂದ ಸ್ಥಳೀಯ ಬಿತ್ತನೆಯ ವ್ಯವಸ್ಥೆಯೇ ಮೊದಲ ಬೇಡಿಕೆಯಾಗಬೇಕು ಎಂಬ ಮಾತಿನಿಂದ ತೊಡಗುತ್ತದೆ. ಮೊದಲನೆಯದು ಬರಿಯ ಆಕ್ರೋಶ, ಎರಡನೆಯದು ವಾದ. ಇವೆರಡರ ನಡುವಿನ ದೂರವನ್ನು ಕ್ರಮಿಸಲು ನೆರವಾಗುವವರೇ ಹುಡುಕಬೇಕಾದ ಗುರು.

ಇಂಥವರನ್ನು ಎಲ್ಲಿ ಹುಡುಕಬೇಕು ಎಂಬ ಪ್ರಶ್ನೆಗೆ ಉತ್ತರವು ಟ್ಯೂಷನ್ ಬೋರ್ಡುಗಳ ಆಚೆಗೆ ಇದೆ. ಪದವಿ ಕಾಲೇಜುಗಳಲ್ಲಿ ಐಚ್ಛಿಕ ಇಂಗ್ಲಿಷ್ ಕಲಿಸಿ ನಿವೃತ್ತರಾದವರು, ಇಂಗ್ಲಿಷ್ ಎಂ.ಎ. ಮುಗಿಸಿ ಸಂಶೋಧನೆಯಲ್ಲಿ ತೊಡಗಿರುವವರು, ಇಂಗ್ಲಿಷ್ ಪತ್ರಿಕೆಗಳಲ್ಲಿ ದುಡಿದು ಊರಿಗೆ ಮರಳಿದವರು, ದಿನವೂ ವಾದವನ್ನು ಬರೆದೇ ಬದುಕುವ ವಕೀಲರು, ಇವರೆಲ್ಲರೂ ವಿಚಾರಿಸಲು ಯೋಗ್ಯರು. 1963ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯು ದಕ್ಷಿಣದ ರಾಜ್ಯಗಳ ಶಿಕ್ಷಕರಿಗೆ ಇಂಗ್ಲಿಷ್ ಬೋಧನೆಯ ತರಬೇತಿ ನೀಡುತ್ತ ಬಂದಿರುವುದರಿಂದ, ಅಲ್ಲಿ ತರಬೇತಿ ಪಡೆದ ನಿವೃತ್ತ ಮೇಷ್ಟ್ರುಗಳೂ ಮೇಡಂಗಳೂ ಯಾರಿದ್ದಾರೆಂದು ಶಾಲೆಯಲ್ಲಿಯೇ ಕೇಳಿ ತಿಳಿಯಬಹುದು. ಸೇವೆಯಲ್ಲಿರುವ ಶಾಲಾ ಶಿಕ್ಷಕರನ್ನು ಹಣ ಕೊಟ್ಟು ಮನೆಪಾಠಕ್ಕೆ ಕರೆಯುವುದು ಮಾತ್ರ ಸಲ್ಲದು, ಏಕೆಂದರೆ 2009ರ ಶಿಕ್ಷಣ ಹಕ್ಕು ಕಾಯಿದೆಯ 28ನೆಯ ಸೆಕ್ಷನ್ ಶಿಕ್ಷಕರ ಖಾಸಗಿ ಬೋಧನೆಯನ್ನು ನಿಷೇಧಿಸುತ್ತದೆ. ಆದರೆ ತನ್ನದೇ ತರಗತಿಯ ಶಿಕ್ಷಕರಿಗೆ ಬಿಡುವಿನ ವೇಳೆಯಲ್ಲಿ ಒಂದು ಪುಟ ತೋರಿಸಿ ಅಭಿಪ್ರಾಯ ಕೇಳುವುದಕ್ಕೆ ಯಾವ ಅಡ್ಡಿಯೂ ಇಲ್ಲ, ಅದು ವಿದ್ಯಾರ್ಥಿಯ ಹಕ್ಕೇ ಆಗಿದೆ.

ಊರಿಂದೂರಿಗೆ ಇರುವ ದೂರವೂ ಲೆಕ್ಕಕ್ಕೆ ಬರಬೇಕು. ಹೊಳೆನರಸೀಪುರಕ್ಕೆ ಹಾಸನ–ಮೈಸೂರು ರೈಲುಮಾರ್ಗವಿದೆ, ಚನ್ನರಾಯಪಟ್ಟಣಕ್ಕೆ ಬೆಂಗಳೂರು–ಹಾಸನ ಮಾರ್ಗದ ರೈಲೂ ಹೆದ್ದಾರಿಯ ಬಸ್ಸೂ ಇವೆ, ಅರಕಲಗೂಡಿಗೆ ಬಸ್ಸೇ ಗತಿ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಗಿದ್ದು, ಹಾಸನದವರೆಗೆ ಹೋಗಿಬರುವ ಖರ್ಚು ಅವರಿಗೆ ಅಡ್ಡಿಯಾಗದು. ಆದರೂ ಬರವಣಿಗೆಯ ಪಾಠಕ್ಕೆ ನಿತ್ಯದ ಓಡಾಟ ಬೇಕಿಲ್ಲ. ಹದಿನೈದು ದಿನಕ್ಕೊಂದು ಪ್ರಬಂಧವನ್ನು ಬರೆದು ಕಳುಹಿಸಿ, ತಿದ್ದಿದ ಪ್ರತಿಯನ್ನು ಪಡೆದು, ಭಾನುವಾರ ಒಂದು ಗಂಟೆ ಎದುರು ಕುಳಿತೋ ಆನ್‌ಲೈನ್‌ನಲ್ಲಿಯೋ ಚರ್ಚಿಸಿದರೆ ಸಾಕು; ಹಾಗಾಗಿ ಗುರು ಬೆಂಗಳೂರಿನಲ್ಲಿದ್ದರೂ ಮೈಸೂರಿನಲ್ಲಿದ್ದರೂ ಪಾಠ ಸಾಗುತ್ತದೆ. ಎಲ್ಲಿಯೇ ಕಲಿತರೂ ಪಾಠದ ಸ್ಥಳ ಮತ್ತು ವೇಳೆ ಮನೆಯವರಿಗೆ ತಿಳಿದಿರಬೇಕು, ಮೊದಲ ಭೇಟಿಗೆ ಹಿರಿಯರೊಬ್ಬರು ಜೊತೆಗಿರಬೇಕು.

ಗುರುವನ್ನು ಒಪ್ಪಿಕೊಳ್ಳುವ ಮುನ್ನ ಒಂದು ಪರೀಕ್ಷಾರ್ಥ ಪಾಠವನ್ನು ಕೋರುವುದರಲ್ಲಿ ಅವಿನಯವೇನೂ ಇಲ್ಲ. ಸ್ವಂತವಾಗಿ ಬರೆದ ಒಂದು ಪುಟವನ್ನು ಕೊಟ್ಟು, ಅದು ಹೇಗೆ ಹಿಂದಿರುಗುತ್ತದೆಂದು ನೋಡಬೇಕು. ಪುಟವೆಲ್ಲ ಕೆಂಪು ಶಾಯಿಯಿಂದ ತುಂಬಿದ್ದು ಮುಂದೇನು ಮಾಡಬೇಕೆಂದು ತಿಳಿಯದಿದ್ದರೆ ಆ ತಿದ್ದುಪಡಿಯಿಂದ ಪ್ರಯೋಜನವಿಲ್ಲ. ಮುಖ್ಯವಾದ ಎರಡು ಮೂರು ದೋಷಗಳನ್ನು ಗುರುತಿಸಿ, ಕಾರಣ ವಿವರಿಸಿ, ಮರುಬರಹಕ್ಕೆ ದಿನ ಗೊತ್ತುಮಾಡಿದ್ದರೆ ಅವರು ಕೆಲಸ ಬಲ್ಲವರೆಂದು ತಿಳಿಯಬಹುದು. ಯಾವ ಗದ್ಯವನ್ನು ಓದಿಸುತ್ತಾರೆಂಬುದನ್ನೂ ಕೇಳಬೇಕು. ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲದ ಸಮ್ಮೇಳನಕ್ಕಾಗಿ ಸಿದ್ಧಪಡಿಸಿದ, ಸಮ್ಮೇಳನ ರದ್ದಾದ ಕಾರಣ 1936ರಲ್ಲಿ ತಾವೇ ಮುದ್ರಿಸಿ ಪ್ರಕಟಿಸಿದ ಡಾ. ಬಿ.ಆರ್. ಅಂಬೇಡ್ಕರ್ ಅವರ ಅನೈಹಿಲೇಷನ್ ಆಫ್ ಕಾಸ್ಟ್ ಭಾಷಣವು, ಒಪ್ಪದ ಸಭಿಕರನ್ನು ಎದುರಿಗಿಟ್ಟುಕೊಂಡು ವಾದ ಕಟ್ಟುವುದು ಹೇಗೆಂಬುದಕ್ಕೆ ಉತ್ತಮ ಮಾದರಿ. ಇಂಥ ಬರಹವನ್ನು ವಾಕ್ಯ ವಾಕ್ಯವಾಗಿ ಬಿಡಿಸಿ ತೋರಿಸಬಲ್ಲವರಿಂದ ಕಲಿಯುವುದು ಬಹಳವಿದೆ. ಇಷ್ಟೇ ಅಂಕ ಬರುತ್ತದೆಂದು ಭರವಸೆ ಕೊಡುವವರು, ಸಿದ್ಧ ಪ್ರಬಂಧಗಳನ್ನು ಬಾಯಿಪಾಠ ಮಾಡಿಸುವವರು, ವಿದ್ಯಾರ್ಥಿಯ ಹೆಸರಿನಲ್ಲಿ ತಾವೇ ಬರೆದುಕೊಡುವವರು, ಇವರಿಂದ ದೂರವಿರುವುದು ಲೇಸು. ಕಂಪ್ಯೂಟರಿನಿಂದ ಬರೆಸಿದ ಪ್ರಬಂಧವನ್ನು ತನ್ನದೆಂದು ಗುರುವಿಗೆ ಒಪ್ಪಿಸುವ ವಿದ್ಯಾರ್ಥಿಯೂ ಇದೇ ತಪ್ಪನ್ನು ಮಾಡುತ್ತಾನೆ, ಏಕೆಂದರೆ ಅಲ್ಲಿ ತಿದ್ದುವುದಕ್ಕೆ ಅವನದೆಂಬ ಆಲೋಚನೆಯೇ ಇರುವುದಿಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಈ ವಿದ್ಯೆ ದಕ್ಕದು ಎಂಬ ಅಂಜಿಕೆ ಅನೇಕರನ್ನು ಹಿಂದಕ್ಕೆಳೆಯುತ್ತದೆ, ಅದಕ್ಕೆ ಆಧಾರವಿಲ್ಲ. 1908ರ ನವೆಂಬರ್ 8ರಂದು ಹಾಸನದಲ್ಲಿ ಹುಟ್ಟಿದ ರಾಜಾ ರಾವ್ ಅವರ ಮನೆಮಾತು ಕನ್ನಡ, ಅವರ ತಂದೆ ಹೈದರಾಬಾದಿನ ನಿಜಾಂ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರು. 1938ರಲ್ಲಿ ಪ್ರಕಟವಾದ ತಮ್ಮ ಕಾಂತಪುರ ಕಾದಂಬರಿಯಲ್ಲಿ ಅವರು ಕನ್ನಡ ನಾಡಿನ ಹಳ್ಳಿಯೊಂದರ ಅಜ್ಜಿಯ ಬಾಯಲ್ಲಿ ಕಥೆ ಹೇಳಿಸಿ, ಇಲ್ಲಿನ ಮಾತಿನ ಓಟವನ್ನು ಇಂಗ್ಲಿಷ್ ವಾಕ್ಯಕ್ಕೆ ತಂದರು. ಅನ್ಯ ಭಾಷೆಯಲ್ಲಿ ಸ್ವಂತ ಜೀವವನ್ನು ತುಂಬುವ ಕಷ್ಟವನ್ನು ಅದರ ಮುನ್ನುಡಿಯಲ್ಲಿ ಅವರು ಚರ್ಚಿಸಿರುವ ಬಗೆ ರೆಟರಿಕ್ ಕಲಿಯುವ ಪ್ರತಿಯೊಬ್ಬರೂ ಓದಬೇಕಾದುದು. ಹಾಸನದ ವಕೀಲೆ, ಲೇಖಕಿ ಬಾನು ಮುಷ್ತಾಕ್ ಅವರ ಕನ್ನಡ ಕಥೆಗಳು ದೀಪಾ ಭಾಸ್ತಿ ಅವರ ಅನುವಾದದಲ್ಲಿ ಹಾರ್ಟ್ ಲ್ಯಾಂಪ್ ಎಂಬ ಹೆಸರಿನಿಂದ ಪ್ರಕಟವಾಗಿ 2025ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಪಡೆದವು. ಕನ್ನಡದಲ್ಲಿ ಸ್ಪಷ್ಟವಾಗಿ ಯೋಚಿಸಬಲ್ಲವರಿಗೆ ಇಂಗ್ಲಿಷ್ ಬರಹದ ಅರ್ಧ ದಾರಿ ಸವೆದಂತೆಯೇ. ಆದುದರಿಂದ ಗುರು ಸಿಗುವವರೆಗೆ ತನ್ನ ವಾದದ ಹಂದರವನ್ನು ಕನ್ನಡ ಅಧ್ಯಾಪಕರಿಗೆ ತೋರಿಸಿ ತಿದ್ದಿಸಿಕೊಂಡರೂ ಲಾಭವೇ.

ಗುರು ಸಿಗದಿದ್ದರೂ ಕಲಿಕೆ ನಿಲ್ಲಬೇಕಾಗಿಲ್ಲ. ಕಾಲೇಜ್ ಬೋರ್ಡ್ ತನ್ನ ಹಿಂದಿನ ವರ್ಷಗಳ ಪ್ರಬಂಧ ಪ್ರಶ್ನೆಗಳನ್ನು, ವಿದ್ಯಾರ್ಥಿಗಳು ಬರೆದ ಮಾದರಿ ಉತ್ತರಗಳನ್ನು ಮತ್ತು ಅವುಗಳಿಗೆ ಅಂಕ ಕೊಟ್ಟ ಕಾರಣಗಳನ್ನು ಉಚಿತವಾಗಿ ಪ್ರಕಟಿಸುತ್ತದೆ. ಯಾವ ಪ್ರಬಂಧಕ್ಕೆ ಏಕೆ ಹೆಚ್ಚು ಅಂಕ ಬಂದಿತೆಂದು ಹೋಲಿಸಿ ನೋಡುವುದೇ ಒಂದು ಪಾಠ. ಮೂವರು ಸಹಪಾಠಿಗಳು ಗ್ರಂಥಾಲಯದಲ್ಲಿ ವಾರಕ್ಕೊಮ್ಮೆ ಸೇರಿ, ಇಂಗ್ಲಿಷ್ ದಿನಪತ್ರಿಕೆಯ ಒಂದು ಸಂಪಾದಕೀಯವನ್ನು ಬಿಡಿಸಿ ಓದಿ, ಅದಕ್ಕೆ ತಲಾ ಒಂದು ಪುಟ ಉತ್ತರ ಬರೆದು, ಪರಸ್ಪರ ಪುಟಗಳಲ್ಲಿ ಪ್ರಶ್ನೆಗಳನ್ನು ಗುರುತಿಸಿದರೆ, ಹಲವು ಟ್ಯೂಷನ್ ತರಗತಿಗಳಲ್ಲಿ ಸಿಗದ ಅಭ್ಯಾಸ ಅವರಿಗೆ ಸಿಗುತ್ತದೆ.

ಇಷ್ಟನ್ನು ಓದಿದ ವಿದ್ಯಾರ್ಥಿಗಳಲ್ಲಿ ಹಿರಿಯರ ಕೋರಿಕೆ ಇದು: ಗುರುವಿನ ವಿಳಾಸವನ್ನು ಕೇಳುವುದಕ್ಕೆ ಮೊದಲು, ನಿಮ್ಮ ಊರಿನ ಒಂದು ನಿಜವಾದ ಸಮಸ್ಯೆಯನ್ನು ಆರಿಸಿಕೊಂಡು ಈ ವಾರವೇ ಇಂಗ್ಲಿಷಿನಲ್ಲಿ ಒಂದು ಪುಟ ಬರೆಯಿರಿ. ಬರೆದ ಪುಟವಿಲ್ಲದೆ ಹೋದವರಿಗೆ ಯಾವ ಗುರುವೂ ಸಲಹೆಯನ್ನಷ್ಟೇ ಕೊಡಬಲ್ಲರು. ಪುಟವನ್ನು ಹಿಡಿದು ಹೋದವರಿಗೆ ವಿದ್ಯೆಯನ್ನು ಕೊಡಬಲ್ಲರು.

ಇತಿ,
ನಿಮ್ಮ ಶ್ರೇಯಸ್ಸನ್ನು ಬಯಸುವ ಹಿರಿಯರು