ಕಲ್ಲು ಕಲಿಸುವ ಪಾಠ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಹೆಸರು ಕೇಳಿದೊಡನೆ ಕಲ್ಲು, ಸಿಮೆಂಟು, ತೊಗರಿ ಇವು ಮೂರೂ ನೆನಪಿಗೆ ಬರುತ್ತವೆ. ಶಹಾಬಾದದ ಫರಸಿ ನಾಡಿನ ಎಷ್ಟೋ ಮನೆಗಳಿಗೆ ನೆಲವಾಗಿದೆ. ವಾಡಿ ಮತ್ತು ಸೇಡಂಗಳ ಕಾರ್ಖಾನೆಗಳಿಂದ ಸಿಮೆಂಟು ದೂರದೂರದ ಊರುಗಳಿಗೆ ಹೋಗುತ್ತದೆ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿದೆ.

ಈ ನೆಲಕ್ಕೆ ಇನ್ನೊಂದು ಹಿರಿಮೆಯುಂಟು. ಕಾಗಿಣಾ ನದಿಯ ದಡದಲ್ಲಿರುವ ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ. ಶ. 850ರ ಸುಮಾರಿಗೆ, ಜೈನ ಗಣಿತಜ್ಞನಾದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅದರ ಆರಂಭದಲ್ಲಿ ಆ ಅರಸನ ಸ್ತುತಿಯಿದೆ. ಹಲವು ವಸ್ತುಗಳಲ್ಲಿ ಕೆಲವನ್ನು ಎಷ್ಟು ಬಗೆಯಾಗಿ ಆರಿಸಬಹುದೆಂಬ ಲೆಕ್ಕಕ್ಕೆ ಆತನು ಸಾಮಾನ್ಯ ಸೂತ್ರವನ್ನು ನೀಡಿದನು. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂಬುದನ್ನು ಗುರುತಿಸಿದನು. ಸಂಗೀತ, ವೈದ್ಯ, ವಾಸ್ತು, ಅಡುಗೆ ಎಲ್ಲಕ್ಕೂ ಗಣಿತವು ಬೇಕೆಂದು ಆತನು ಬಗೆದಿದ್ದನು. ಶಾಸ್ತ್ರವನ್ನು ಬಾಳಿನಿಂದ ಬೇರ್ಪಡಿಸದ ಈ ದೃಷ್ಟಿಯೇ ಸಂಶೋಧನೆಯ ತಾಯಿಬೇರು.

ಅಂತಹ ಪರಂಪರೆಯಿರುವ ಜಿಲ್ಲೆಯು ಇಂದು ಹತ್ತನೆಯ ತರಗತಿಯ ಪರೀಕ್ಷಾ ಫಲಿತಾಂಶದಲ್ಲಿ ಅನೇಕ ಬಾರಿ ಕೊನೆಯ ಸಾಲಿನಲ್ಲಿ ನಿಲ್ಲುತ್ತಿದೆ. ಇದಕ್ಕೆ ಬಡತನ, ವಲಸೆ, ಶಿಕ್ಷಕರ ಕೊರತೆ ಮುಂತಾದ ಕಾರಣಗಳುಂಟು. ಅವುಗಳೊಡನೆ ಮತ್ತೊಂದು ಕಾರಣವನ್ನೂ ಎಣಿಸಬೇಕು. ವಿಜ್ಞಾನವೆಂಬುದು ಎಲ್ಲೋ ದೂರದ ನಗರದಲ್ಲಿ, ಗಾಜಿನ ಕೋಣೆಗಳಲ್ಲಿ ನಡೆಯುವ ಕಾರ್ಯವೆಂದು ಮಕ್ಕಳು ಭಾವಿಸಿಬಿಟ್ಟಿದ್ದಾರೆ. ತಮ್ಮ ಕಾಲಡಿಯಲ್ಲಿಯೇ ಪ್ರಯೋಗಶಾಲೆಯಿದೆಯೆಂಬುದು ಅವರಿಗೆ ತಿಳಿದಿಲ್ಲ.

ಶಹಾಬಾದದ ಫರಸಿಯ ಚೂರೊಂದರ ಮೇಲೆ ನಿಂಬೆರಸದ ಕೆಲವು ಹನಿಗಳನ್ನು ಬಿಟ್ಟರೆ ಸಣ್ಣ ಗುಳ್ಳೆಗಳೇಳುತ್ತವೆ. ಚಿಂಚೋಳಿಯ ಕಡೆ ದೊರೆಯುವ ಕರಿಗಲ್ಲಿನ ಮೇಲೆ ಬಿಟ್ಟರೆ ಸಾಮಾನ್ಯವಾಗಿ ಏಳುವುದಿಲ್ಲ. ಏಕೆ? ಮೊದಲನೆಯದು ಸುಣ್ಣದ ಕಲ್ಲು. ಪ್ರಾಚೀನ ಸಮುದ್ರದ ತಳದಲ್ಲಿ ಪದರಪದರವಾಗಿ ಕೂಡಿದುದು. ಆದುದರಿಂದಲೇ ಅದು ಹಲಗೆಯಂತೆ ಸೀಳುತ್ತದೆ. ಎರಡನೆಯದು ಜ್ವಾಲಾಮುಖಿಯ ಲಾವಾ ಆರಿ ಆದುದು. ಗುಳ್ಳೆಯಾಗಿ ಹೊರಬಿದ್ದ ಅನಿಲವು ಇಂಗಾಲದ ಡೈಆಕ್ಸೈಡ್.

ಇದೇ ಅನಿಲವನ್ನು ವಾಡಿಯ ಕುಲುಮೆಯಲ್ಲಿಯೂ ಕಾಣಬಹುದು. ಸುಣ್ಣದ ಕಲ್ಲನ್ನೂ ಜೇಡಿಮಣ್ಣನ್ನೂ ಕೂಡಿಸಿ ಸುಮಾರು 1450 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ಕ್ಲಿಂಕರ್ ಎಂಬ ಗಟ್ಟಿ ಉಂಡೆಗಳಾಗುತ್ತವೆ. ಅವಕ್ಕೆ ಜಿಪ್ಸಂ ಸೇರಿಸಿ ಅರೆದರೆ ಸಿಮೆಂಟು. ಶುದ್ಧವಾದ 100 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟು ಕಾದಾಗ 44 ಗ್ರಾಂ ಅನಿಲವಾಗಿ ಗಾಳಿಗೆ ಸೇರುತ್ತದೆ. ಭೂಮಿಯ ತಾಪವನ್ನು ಹೆಚ್ಚಿಸುವ ಅನಿಲಗಳಲ್ಲಿ ಇದೂ ಒಂದು. ಹಾಗಾದರೆ ಕ್ಲಿಂಕರಿನ ಪಾಲನ್ನು ತಗ್ಗಿಸಿ ಸಿಮೆಂಟು ಮಾಡಬಹುದೇ? ಸುಟ್ಟ ಜೇಡಿಮಣ್ಣು ಮತ್ತು ಸುಣ್ಣದ ಕಲ್ಲಿನ ಪುಡಿಯನ್ನು ಬೆರೆಸುವ ಹೊಸ ಬಗೆಯ ಸಿಮೆಂಟಿನ ಸಂಶೋಧನೆಯಲ್ಲಿ ಭಾರತದ ಐಐಟಿಗಳ ವಿಜ್ಞಾನಿಗಳೂ ಪಾಲುಗೊಂಡಿದ್ದಾರೆ. ನಿಂಬೆಹನಿಯಿಂದ ಹೊರಟ ಪ್ರಶ್ನೆಯು ಎಷ್ಟು ದೂರ ಸಾಗಬಲ್ಲುದೆಂಬುದಕ್ಕೆ ಇದು ನಿದರ್ಶನ.

ಹೊಲವೂ ಹೀಗೆಯೇ ಪ್ರಶ್ನೆಗಳ ಕಣಜ. ನಿಂತ ನಿಲುವಿನಲ್ಲಿಯೇ ತೊಗರಿಯ ಗಿಡ ಒಣಗುವ ನೆಟೆ ರೋಗಕ್ಕೆ ಮಣ್ಣಿನಲ್ಲಿರುವ ಒಂದು ಶಿಲೀಂಧ್ರವು ಕಾರಣ. ತೊಗರಿಯೊಡನೆ ಜೋಳವನ್ನು ಬಿತ್ತುವುದು ಹಿರಿಯರ ರೂಢಿ. ಜೋಳವಿರುವ ಹೊಲದಲ್ಲಿ ರೋಗ ಕಡಿಮೆಯೇ? ಮಕ್ಕಳು ಎರಡು ಬಗೆಯ ಹೊಲಗಳಲ್ಲಿ ನೂರು ನೂರು ಗಿಡಗಳನ್ನು ನೋಡಿ, ಒಣಗಿದವನ್ನೆಣಿಸಿ ಬರೆದಿಡಬಹುದು. ಒಂದು ಹೊಲದ ಎಣಿಕೆಯಿಂದ ತೀರ್ಮಾನಕ್ಕೆ ಬರುವುದು ಸಲ್ಲದು. ಹಲವು ಹೊಲಗಳನ್ನು ನೋಡಬೇಕು, ಮಣ್ಣು ಮತ್ತು ತಳಿ ಒಂದೇ ಆಗಿರುವಂತೆ ಎಚ್ಚರವಹಿಸಬೇಕು. ಈ ಎಚ್ಚರವನ್ನು ಕಲಿತ ಬಾಲಕನು ಸಂಶೋಧನೆಯ ಮೊದಲ ಮೆಟ್ಟಿಲನ್ನು ಹತ್ತಿದಂತೆಯೇ. ಮಗಳು ತಂದ ಲೆಕ್ಕದಿಂದ ಮುಂದಿನ ಬಿತ್ತನೆಯನ್ನು ತಂದೆಯು ಮರುಯೋಚಿಸಿದರೆ, ಆ ಮನೆಯಲ್ಲಿ ವಿದ್ಯೆಗೆ ಬೆಲೆ ಬಂದಂತೆ.

ಇಂತಹ ಕುತೂಹಲಕ್ಕೆ ನೀರೆರೆಯುವ ವ್ಯವಸ್ಥೆಗಳು ಇಲ್ಲದಿಲ್ಲ. ಕಲಬುರಗಿಯಲ್ಲಿ 1984ರಲ್ಲಿಯೇ ಜಿಲ್ಲಾ ವಿಜ್ಞಾನ ಕೇಂದ್ರವು ಆರಂಭವಾಯಿತು. ಸ್ಥಳೀಯ ಸಮಸ್ಯೆಗಳನ್ನು ಮಕ್ಕಳೇ ಅಧ್ಯಯನ ಮಾಡಿ ಮಂಡಿಸುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶವು 1993ರಲ್ಲಿ ಮೊದಲಾಯಿತು. ‘ಇನ್‌ಸ್ಪೈರ್ ಮಾನಕ್’ ಯೋಜನೆಯಲ್ಲಿ ಆಯ್ಕೆಯಾದ ವಿದ್ಯಾರ್ಥಿಯ ಹೊಸ ಆಲೋಚನೆಗೆ ರೂಪ ಕೊಡಲು 10,000 ರೂಪಾಯಿಗಳ ನೆರವುಂಟು. 2016ರಿಂದ ಸ್ಥಾಪಿತವಾದ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳಿಗೆ 20 ಲಕ್ಷ ರೂಪಾಯಿಗಳವರೆಗೆ ಅನುದಾನವನ್ನು ಗೊತ್ತುಪಡಿಸಲಾಯಿತು. 

ಆದರೆ ಹಣವೊಂದರಿಂದಲೇ ವಿಜ್ಞಾನ ಬೆಳೆಯದು. ಪೇಟೆಯಿಂದ ಕೊಂಡು ತಂದ ಮಾದರಿಯನ್ನು ಮೇಜಿನ ಮೇಲಿರಿಸಿ, ಬಾಯಿಪಾಠ ಮಾಡಿದ ವಿವರಣೆಯನ್ನು ಒಪ್ಪಿಸಿದರೆ ಬಹುಮಾನ ದೊರೆಯಬಹುದು, ವಿವೇಕ ದೊರೆಯದು. ಬೀರುವಿನಲ್ಲಿ ಬೀಗ ಹಾಕಿಟ್ಟ ಸೂಕ್ಷ್ಮದರ್ಶಕವು ಒಡೆಯುವುದಿಲ್ಲ, ನಿಜ. ಅದರಿಂದ ಯಾರ ಕಣ್ಣೂ ತೆರೆಯುವುದಿಲ್ಲ. ಉಪಕರಣಕ್ಕಿಂತ ಮಿಗಿಲಾಗಿ ಮಕ್ಕಳಿಗೆ ಬೇಕಾದುದು ಪ್ರಶ್ನೆಯನ್ನು ಆಲಿಸುವ ಗುರು, ಪ್ರಯೋಗಕ್ಕೆ ವಾರದಲ್ಲಿ ಒಂದೆರಡು ಗಂಟೆಗಳ ಬಿಡುವು, ಕಂಡುದನ್ನು ಕಂಡಂತೆ ಬರೆದಿಡುವ ಒಂದು ಪುಸ್ತಕ. ಪ್ರಯೋಗವು ವಿಫಲವಾದಾಗ ಗದರದೆ, ಏಕೆ ಹಾಗಾಯಿತೆಂದು ಕೇಳುವ ತಾಳ್ಮೆಯೂ ಬೇಕು. ಈ ತಾಲ್ಲೂಕುಗಳ ಮಕ್ಕಳ ಮನೆಮಾತು ಕನ್ನಡವಿರಬಹುದು, ಉರ್ದು, ತೆಲುಗು ಇಲ್ಲವೆ ಲಂಬಾಣಿಯಿರಬಹುದು. ಪ್ರಶ್ನೆಯು ಮೊದಲು ಮೂಡುವುದು ಮನೆಮಾತಿನಲ್ಲಿ. ಪಾರಿಭಾಷಿಕ ಪದ ಬಾರದೆಂದು ಅದನ್ನು ತಡೆದರೆ ಮೊಳಕೆಯನ್ನೇ ಚಿವುಟಿದಂತಾಗುತ್ತದೆ.

ಗಣಿಯಲ್ಲಿ ಕಲ್ಲು ಸೀಳುವ ಕಾರ್ಮಿಕನು ಪದರದ ಗೆರೆಯನ್ನು ನೋಡಿಯೇ ಉಳಿಯನ್ನಿಡುತ್ತಾನೆ. ಅವನ ಕೈಗೆ ತಿಳಿದಿರುವುದನ್ನು ಅವನ ಮಗನು ಅಥವಾ ಮಗಳು ಕಾರಣಸಹಿತವಾಗಿ ಅರಿಯಬೇಕು, ಅಳೆಯಬೇಕು, ಉತ್ತಮಪಡಿಸಬೇಕು. ಶಾಲೆಯು ಇದಕ್ಕೆ ಅವಕಾಶ ಕೊಡದಿದ್ದರೆ ಆ ಮಗುವೂ ಎಳೆಯ ವಯಸ್ಸಿನಲ್ಲಿಯೇ ಪುಸ್ತಕ ಬಿಟ್ಟು ಉಳಿ ಹಿಡಿಯಬೇಕಾದೀತು. ಶ್ರಮವೇನೂ ಕೀಳಲ್ಲ, ಆಯ್ಕೆಯಿಲ್ಲದ ಬಾಳು ಮಾತ್ರ ಕಷ್ಟಕರ. ಮಾನ್ಯಖೇಟದ ಮಣ್ಣಿನಲ್ಲಿ ಪ್ರತಿಭೆಗೆ ಬರವಿಲ್ಲ. ಅದನ್ನು ಗುರುತಿಸಿ ಪೋಷಿಸುವುದು ಶಾಲೆ, ಊರು ಮತ್ತು ಸರ್ಕಾರಗಳ ಕೂಡು ಹೊಣೆ.