ತಿರುವಿನಲ್ಲಿ ಸೋರುವ ಸಮಯ

ಪ್ರಶ್ನೆ: ‘ಲೋನ್ಲಿ ಮೌಂಟೇನ್ಸ್: ಡೌನ್‌ಹಿಲ್’ ಎಂಬ ಸೈಕಲ್ ವಿಡಿಯೊ ಆಟದಲ್ಲಿ ಎಷ್ಟು ಜೋರಾಗಿ ಹೋದರೂ ನನ್ನ ಟೈಮ್ ಕಡಿಮೆಯಾಗುತ್ತಿಲ್ಲ. ಏನು ಮಾಡಲಿ?
– ಕಾಲೇಜು ವಿದ್ಯಾರ್ಥಿ, ಮದ್ದೂರು

ಉತ್ತರ: ನಿಮ್ಮ ಸಮಯ ಸೋರುತ್ತಿರುವುದು ನೇರ ಇಳಿಜಾರಿನಲ್ಲಲ್ಲ, ತಿರುವುಗಳಲ್ಲಿ. ಲೆಕ್ಕ ಹಾಕಿ ನೋಡಿ: 100 ಮೀಟರ್ ನೇರ ದಾರಿಯಲ್ಲಿ ಗಂಟೆಗೆ 54 ಕಿ.ಮೀ. ವೇಗವನ್ನು 60ಕ್ಕೆ ಏರಿಸಿದರೆ ಉಳಿಯುವುದು ಮುಕ್ಕಾಲು ಸೆಕೆಂಡಿಗೂ ಕಡಿಮೆ. ಬರೀ 20 ಮೀಟರ್ ತಿರುವಿನಲ್ಲಿ 18ನ್ನು 24ಕ್ಕೆ ಏರಿಸಿದರೆ ಪೂರ್ತಿ ಒಂದು ಸೆಕೆಂಡ್ ಉಳಿಯುತ್ತದೆ. ಆದ್ದರಿಂದ ತಿರುವಿಗೆ ಮೊದಲೇ, ಸೈಕಲ್ ನೆಟ್ಟಗಿರುವಾಗಲೇ ಬ್ರೇಕ್ ಹಿಡಿಯಿರಿ. ಹೊರ ಅಂಚಿನಿಂದ ನುಗ್ಗಿ, ಒಳ ಅಂಚನ್ನು ಸವರಿ, ಮತ್ತೆ ಹೊರಕ್ಕೆ ಬನ್ನಿ. ಮುಂದಿನ ದಾರಿ ಕಾಣುತ್ತಿದ್ದಂತೆ ಪೆಡಲ್ ತುಳಿಯಿರಿ.

ಅಡ್ಡದಾರಿ ಹಿಡಿದು ಬಂಡೆಯಿಂದ ಹಾರಿದರೆ ಇನ್ನೂ ಬೇಗವಲ್ಲವೇ ಎಂದು ಕೇಳಬಹುದು. ಬರ್ಲಿನ್‌ನ ಮೆಗಾಗಾನ್ ಇಂಡಸ್ಟ್ರೀಸ್ 2019ರಲ್ಲಿ ತಂದ ಈ ಆಟ ಅದಕ್ಕೆ ಅವಕಾಶವನ್ನೇನೋ ಕೊಡುತ್ತದೆ. ಆದರೆ ಬಿದ್ದರೆ ಹಿಂದಿನ ಚೆಕ್‌ಪಾಯಿಂಟ್‌ನಿಂದ ಶುರು; ನಾಲ್ಕಾರು ತಿರುವುಗಳಲ್ಲಿ ಉಳಿಸಿದ್ದು ಒಂದೇ ಏಟಿಗೆ ಹೋಗುತ್ತದೆ. ಬೀಳದೆ ಪದೇಪದೇ ದಾಟಬಲ್ಲ ಅಡ್ಡದಾರಿಯನ್ನಷ್ಟೇ ಇಟ್ಟುಕೊಳ್ಳಿ. ಇನ್ನು ನಿಜವಾದ ಸೈಕಲ್ ಸವಾರಿಗೆ ಬಂದರೆ, ಕಬ್ಬಿನ ಗದ್ದೆಗಳ ಮಂಡ್ಯ, ಮದ್ದೂರಿನ ಬಯಲಲ್ಲಿ ಸಿಗದ ಇಳಿಜಾರು ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯ ಕಾಡುರಸ್ತೆಯಲ್ಲಿದೆ. ಅಲ್ಲಿ ಮಾತ್ರ ಅಂಚಿನಿಂದ ಅಂಚಿಗೆ ನುಗ್ಗುವ ಸಾಹಸ ಬೇಡ: ತಿರುವಿನಾಚೆ ಎದುರಿಗೆ ವಾಹನ ಬರುತ್ತದೆ, ಇಡೀ ರಸ್ತೆ ನಿಮ್ಮದಲ್ಲ.